ಬೆಳಕು ನಿಯಂತ್ರಿತ ಕೃತಕ ನಾಳ

ಪೊರೆಯ ಮೂಲಕ ಪ್ರೋಟಾನ್, ಅಯಾನು ಅಥವಾ ನೀರು ಹಾಯಲು ಬಿಡುವ, ಬೆಳಕಿನಿಂದ ತೆರೆದು ಮುಚ್ಚಬಹುದಾದ, ರಾಸಾಯನಿಕವಾಗಿ ರೂಪಿಸಿದ ಅಣುಗಾತ್ರದ ರಂಧ್ರ. ಪೊರೆಸಾಗಣೆ ರಸಾಯನಶಾಸ್ತ್ರಕ್ಕೆ ಸೇರಿದ ವಿಷಯ.

ಇದಕ್ಕೆ ಮಾದರಿ ಜೀವಕೋಶದ ಪ್ರೋಟೀನುಗಳು. ಉಪ್ಪುನೀರಿನ ಸೂಕ್ಷ್ಮಜೀವಿಯಲ್ಲಿ 1971ರಲ್ಲಿ ಗುರುತಿಸಲಾದ ಬ್ಯಾಕ್ಟೀರಿಯೊರೊಡಾಪ್ಸಿನ್ ಬೆಳಕಿನ ಬಲದಿಂದ ಪ್ರೋಟಾನನ್ನು ಹೊರದೂಡುತ್ತದೆ. ಆದರೆ ಅದು ಪಂಪು, ನಾಳವಲ್ಲ. ಪೀಟರ್ ಅಗ್ರೆಗೆ 2003ರ ನೊಬೆಲ್ ತಂದ ಅಕ್ವಾಪೊರಿನ್ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳನ್ನು ಸಾಲಾಗಿ ಬಿಟ್ಟರೂ ಪ್ರೋಟಾನನ್ನು ತಡೆಯುತ್ತದೆ. ನೀರಿನ ಸಾಲಿನ ಜಲಜನಕ ಬಂಧಗಳ ಮೂಲಕ ಪ್ರೋಟಾನ್ ಸುಲಭವಾಗಿ ದಾಟುವುದರಿಂದ, ಈ ಎರಡನ್ನು ಬೇರ್ಪಡಿಸುವುದೇ ಕೃತಕ ನಾಳಗಳ ರಚನೆಯಲ್ಲಿ ಕಠಿಣ ಭಾಗ.

ನಾಳವನ್ನು ತೆರೆದು ಮುಚ್ಚುವ ಬೆಳಕಿನ ಕೀಲಿಯಾಗಿ ಹೆಚ್ಚು ಬಳಕೆಯಲ್ಲಿರುವುದು ಅಜೋಬೆಂಜೀನ್. ಅತಿನೇರಳೆ ಬೆಳಕಿನಲ್ಲಿ ಈ ನೀಳ ಅಣು ಬಾಗುತ್ತದೆ, ನೀಲಿ ಬೆಳಕಿನಲ್ಲಿ ಅಥವಾ ಕತ್ತಲಲ್ಲಿ ಮತ್ತೆ ನೆಟ್ಟಗಾಗುತ್ತದೆ. ಅದರೊಂದಿಗೆ ರಂಧ್ರದ ಆಕಾರವೂ ಬದಲಾಗುತ್ತದೆ. 2005ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಬೆನ್ ಫೆರಿಂಗಾ ಮತ್ತು ಸಹೋದ್ಯೋಗಿಗಳು ಬ್ಯಾಕ್ಟೀರಿಯಾದ ನಾಳ ಪ್ರೋಟೀನಿಗೆ ಸ್ಪೈರೋಪೈರಾನ್ ಎಂಬ ಬೆಳಕಿಗೆ ಸ್ಪಂದಿಸುವ ಅಣುವನ್ನು ಜೋಡಿಸಿ ಬೆಳಕಿನ ಕವಾಟ ನಿರ್ಮಿಸಿದರು. ಇದು ಅರೆಕೃತಕ ರಚನೆ.

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅಲ್ಲಿ ಪ್ರಬಲ್ ಮೈತಿ ಅವರ ತಂಡ ಲಿಪಿಡ್ ಪೊರೆಯಲ್ಲಿ ನಾಟಿದ ಡಿಎನ್ಎ ನಾಳಗಳನ್ನು ಗಣಕ ಮಾದರಿಗಳಿಂದ ಅಧ್ಯಯನ ಮಾಡಿದೆ.

ನೀರಿನ ಶುದ್ಧೀಕರಣ ಮತ್ತು ಔಷಧ ಬಿಡುಗಡೆ ಬೆಳಕು ನಿಯಂತ್ರಿತ ನಾಳಗಳ ನಿರೀಕ್ಷಿತ ಬಳಕೆಗಳು. ಶುದ್ಧೀಕರಣ ಬೇಕಾದ ನೀರಿಗೆ ಒಂದು ಉದಾಹರಣೆ: ಬಾಗಲಕೋಟೆ ಜಿಲ್ಲೆಯ ಹುನಗುಂದ, ಇಳಕಲ್ ಭಾಗದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಕುಡಿಯುವ ನೀರಿಗಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಇಂಥ ನೀರಿಗೆ ಸದ್ಯ ಬಳಸುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಘಟಕಗಳಲ್ಲಿರುವುದು ಒತ್ತಡದಿಂದ ನಡೆಯುವ ಪಾಲಿಅಮೈಡ್ ಪೊರೆ. ಅದಕ್ಕೆ ಬೆಳಕಿನ ಕೀಲಿಯಿಲ್ಲ.