ಹಳೇ ಸಾಮಾನಿನ ಲಾಭ ಯಾರದ್ದು? ಬಾಸ್ಟನ್ನಿನ ಗೋಣಿಚೀಲದಿಂದ ಆನ್‌ಲೈನ್ ಹರಾಜಿನ ತನಕ

ಇವತ್ತಿನ ವಿಷಯ ಹುಟ್ಟಿದ್ದು ಪುಣೆಯ ನಮ್ಮ ಮನೆ ಬಾಗಿಲಲ್ಲಿ. ಧಾರವಾಡದಿಂದ ಅವ್ವ ಬಂದಿದ್ದಳು. ಇಲ್ಲಿ ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸರಿಗೆ ಬೋಹಾರಿಣ್ ಅಂತಾರೆ. ಮುಂಬೈ, ಪುಣೆಯಲ್ಲಿರುವವರಿಗೆ ಗೊತ್ತಿರುತ್ತೆ. ಅಂಥ ಒಬ್ಬಳ ಜೊತೆ ಅವ್ವ ಅರ್ಧ ಗಂಟೆ ಚೌಕಾಸಿ ಮಾಡಿ, ಮೂರು ಸೀರೆ, ನನ್ನ ಎರಡು ಜೀನ್ಸ್ ಕೊಟ್ಟು ಒಂದು ಡಬ್ಬಿ ತಗೊಂಡಳು. ಆಕೆ ಗಂಟು ಹೊತ್ತುಕೊಂಡು ಮೆಟ್ಟಿಲು ಇಳಿದ ಮೇಲೆ ಅವ್ವ ಅಂದಳು: "ನಮಗ ಟೋಪಿ ಹಾಕಿ ಹೋದ್ಲು ನೋಡು. ಇದನ್ನ ಮಾರಿ ಎಷ್ಟ್ ರೊಕ್ಕ ಮಾಡ್ಕೋತಾಳೋ ಏನೋ!"

ಬೇರೆಯವರು ಬೇಡ ಅಂತ ಬಿಟ್ಟಿದ್ದನ್ನ ಮಾರಿ ಲಾಭ ಮಾಡೋದು ಮೋಸವಾ, ಜಾಣತನವಾ, ಅಥವಾ ದುಡಿಮೆಯಾ? ಈ ಪ್ರಶ್ನೆ ಅತಿ ದೊಡ್ಡ ಪ್ರಮಾಣದಲ್ಲಿ ಎದ್ದಿದ್ದು ಅಮೆರಿಕದಲ್ಲಿ. ಅಲ್ಲಿ ದಾನವಾಗಿ ಬಂದ ಹಳೇ ಸಾಮಾನು ಮಾರುವ ಥ್ರಿಫ್ಟ್ ಸ್ಟೋರ್‌ಗಳಿವೆ. ಅಲ್ಲಿ ಅಗ್ಗಕ್ಕೆ ಕೊಂಡು ಆನ್‌ಲೈನ್‌ನಲ್ಲಿ ಮಾರುವುದೇ ಎಷ್ಟೋ ಜನರ ಕಸುಬು. ಅದರ ಇತಿಹಾಸ ನೋಡಿದರೆ ನಮ್ಮ ಬಾಗಿಲ ಪ್ರಶ್ನೆಗೂ ಉತ್ತರ ಸಿಗಬಹುದು.

ಚಿಂದಿಗೂ ಬೆಲೆ ಇದ್ದ ಕಾಲ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡೋಣ. ಹಳೇ ಬಟ್ಟೆ ಅಂದ್ರೆ ಕಸ ಅನ್ನೋದು ಇತ್ತೀಚಿನ ಕಲ್ಪನೆ. 19ನೇ ಶತಮಾನದ ಮಧ್ಯಭಾಗದವರೆಗೆ ಯುರೋಪ್, ಅಮೆರಿಕಗಳಲ್ಲಿ ಕಾಗದ ತಯಾರಾಗುತ್ತಿದ್ದದ್ದೇ ಹತ್ತಿ, ನಾರುಬಟ್ಟೆಗಳ ಚಿಂದಿಯಿಂದ. ಮರದ ತಿರುಳಿನಿಂದ ಕಾಗದ ಮಾಡುವುದು ಆಮೇಲೆ ಬಂತು. 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನಲ್ಲಿ ಬೆಂಜಮಿನ್ ಲಾ ಅನ್ನುವವನು ಹಳೇ ಉಣ್ಣೆ ಬಟ್ಟೆಯನ್ನು ಸೀಳಿ, ನಾರು ಬಿಡಿಸಿ, ಮತ್ತೆ ನೂಲು ತೆಗೆಯುವ ವಿಧಾನ ಕಂಡುಕೊಂಡ. ಅದಕ್ಕೆ ಶಾಡಿ ಅಂತ ಹೆಸರು. ಇವತ್ತು ಹರಿಯಾಣದ ಪಾಣಿಪತ್‌ನಲ್ಲಿ ಕಂಬಳಿ ನೇಯುವುದಕ್ಕೂ ಇದೇ ತತ್ವ ಆಧಾರ.

ಆಮೇಲೆ ಹೊಲಿಗೆ ಯಂತ್ರ ಬಂತು, ರೆಡಿಮೇಡ್ ಬಟ್ಟೆ ಅಗ್ಗವಾಯ್ತು. ಊರಿನ ಮನೆಗಳಲ್ಲಿ ಬಟ್ಟೆ ರಾಶಿ ಬೀಳತೊಡಗಿತು. ಚಿಂದಿ ವ್ಯಾಪಾರ ಮಾಡುತ್ತಿದ್ದವರು ಹೆಚ್ಚಾಗಿ ಬಡ ವಲಸಿಗರು. ಅವರ ಮೇಲೆ ಜನರಿಗೆ ಅನುಮಾನ: ಕೊಳಕರು, ಕಳ್ಳರು, ಮೋಸಗಾರರು ಅಂತ. ಸರಕು ಬೇಕು, ಸರಕು ತರುವವನು ಬೇಡ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತೇನೆ.

ಗೋಣಿಚೀಲ ಹೊತ್ತ ಪಾದ್ರಿ

ಈ ವ್ಯಾಪಾರಕ್ಕೆ ಮರ್ಯಾದೆ ತಂದುಕೊಟ್ಟದ್ದು ಚರ್ಚ್‌ಗಳು. 1897ರಲ್ಲಿ ಸಾಲ್ವೇಷನ್ ಆರ್ಮಿಯವರು ನ್ಯೂಯಾರ್ಕ್‌ನಲ್ಲಿ, ಗಂಡಸರ ಆಶ್ರಯಮನೆಯೊಂದರ ನೆಲಮಾಳಿಗೆಯಲ್ಲಿ ಹಳೇ ಸಾಮಾನು ರಿಪೇರಿ ಶುರು ಮಾಡಿದರು. 1902ರಲ್ಲಿ ಬಾಸ್ಟನ್ ನಗರದಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಮೆಥಡಿಸ್ಟ್ ಪಾದ್ರಿ ಗೋಣಿಚೀಲ ಹಿಡಿದು ಉಳ್ಳವರ ಮನೆಗಳಿಂದ ಹಳೇ ಬಟ್ಟೆ, ಸಾಮಾನು ತಂದರು. ಅದನ್ನು ಬಡವರಿಗೆ ಸುಮ್ಮನೆ ಹಂಚಲಿಲ್ಲ. ಕೆಲಸವಿಲ್ಲದ ಬಡವರಿಗೇ ರಿಪೇರಿಗೆ ಕೊಟ್ಟು, ಕೂಲಿ ಕೊಟ್ಟು, ಸಣ್ಣ ಬೆಲೆಗೆ ಮಾರಿದರು. ಇದೇ ಮುಂದೆ ಗುಡ್‌ವಿಲ್ ಇಂಡಸ್ಟ್ರೀಸ್ ಆಯಿತು.

ಇಲ್ಲಿರುವ ಯೋಚನೆ ನೋಡಿ. ಕೊಳ್ಳುವವನು ಭಿಕ್ಷೆ ಬೇಡುತ್ತಿಲ್ಲ, ಗಿರಾಕಿ. ರಿಪೇರಿ ಮಾಡುವವನಿಗೆ ಕೂಲಿ. ಕೊಟ್ಟವನಿಗೆ ಪುಣ್ಯ, ಜೊತೆಗೆ ಖಾಲಿಯಾದ ಕಪಾಟು. 1917ರಲ್ಲಿ ಅಮೆರಿಕ ಸರ್ಕಾರ ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ತಂದ ಮೇಲೆ ಪುಣ್ಯದ ಜೊತೆ ಲೆಕ್ಕವೂ ಸೇರಿತು. ಚಿಂದಿ ಅಂಗಡಿ ಹೋಗಿ "ಥ್ರಿಫ್ಟ್" ಅಂಗಡಿ ಆಯಿತು. ಥ್ರಿಫ್ಟ್ ಅಂದ್ರೆ ಮಿತವ್ಯಯ. ಸರಕು ಅದೇ, ಹೆಸರು ಮಾತ್ರ ಸಭ್ಯವಾಯಿತು.

89 ಸೆಂಟಿನ ಕಾದಂಬರಿ

ಕೊಂಡದ್ದನ್ನು ನಮ್ಮಿಷ್ಟದ ಬೆಲೆಗೆ ಮಾರೋ ಹಕ್ಕು ನಮಗಿದೆಯಾ? ಇದ್ದೇ ಇರುತ್ತೆ ಅಂತ ನಾವು ಅಂದುಕೊಳ್ತೀವಿ. ಅಮೆರಿಕದಲ್ಲಿ ಅದು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತ್ತು. ಬಾಬ್ಸ್-ಮೆರಿಲ್ ಎಂಬ ಪ್ರಕಾಶಕರು "ದಿ ಕಾಸ್ಟ್‌ಅವೇ" ಎಂಬ ಕಾದಂಬರಿಯೊಳಗೆ ಒಂದು ಎಚ್ಚರಿಕೆ ಮುದ್ರಿಸಿದ್ದರು: ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಕಾಪಿರೈಟ್ ಉಲ್ಲಂಘನೆ ಅಂತ. ನ್ಯೂಯಾರ್ಕಿನ ಮೇಸೀಸ್ ಮಳಿಗೆ ಅದನ್ನು 89 ಸೆಂಟಿಗೆ ಮಾರಿತು. 1908ರಲ್ಲಿ ಕೋರ್ಟ್ ಹೇಳಿದ್ದರ ಸಾರಾಂಶ: ಪುಸ್ತಕ ಒಮ್ಮೆ ಮಾರಾಟವಾದ ಮೇಲೆ, ಮುಂದಿನ ಮಾರಾಟದ ಬೆಲೆ ನಿಗದಿ ಮಾಡುವ ಹಕ್ಕು ಕಾಪಿರೈಟ್‌ನಲ್ಲಿ ಇಲ್ಲ. ಮರುವರ್ಷ ಅದು ಕಾನೂನಿನಲ್ಲೂ ಸೇರಿತು. ಇವತ್ತು ಥ್ರಿಫ್ಟ್ ಅಂಗಡಿಯಲ್ಲಿ ಕೊಂಡ ಪುಸ್ತಕ, ರೆಕಾರ್ಡುಗಳನ್ನು ಧೈರ್ಯವಾಗಿ ಮರುಮಾರಾಟ ಮಾಡೋದು ಈ ನೆಲೆಯ ಮೇಲೆ.

ಆದರೆ ಇದಕ್ಕೊಂದು ಮಿತಿ ಇದೆ. 2018ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಗುಡ್‌ವಿಲ್ ಅಂಗಡಿಯಲ್ಲಿ ಹಳೇ ವಸ್ತುಗಳ ವ್ಯಾಪಾರಿಯೊಬ್ಬಳು 34.99 ಡಾಲರಿಗೆ ಒಂದು ಅಮೃತಶಿಲೆಯ ತಲೆ ಕೊಂಡಳು. ಅದು ಸುಮಾರು 2000 ವರ್ಷ ಹಳೆಯ ರೋಮನ್ ಶಿಲ್ಪ. ಜರ್ಮನಿಯ ಅಶಾಫೆನ್‌ಬುರ್ಗ್‌ನಲ್ಲಿದ್ದ ಸಂಗ್ರಹದಿಂದ ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕಾಣೆಯಾದದ್ದು. ಕೊಂಡವಳ ತಪ್ಪೇನೂ ಇಲ್ಲ. ಆದರೆ ಕದ್ದ ಮಾಲು ಎಷ್ಟು ಕೈ ಬದಲಾದರೂ ಒಡೆತನ ಬದಲಾಗಲ್ಲ. ಮಾರಲು ಆಗಲಿಲ್ಲ. ಕೆಲ ಕಾಲ ಮ್ಯೂಸಿಯಂನಲ್ಲಿ ಪ್ರದರ್ಶನವಾಗಿ ಶಿಲ್ಪ ಜರ್ಮನಿಗೆ ವಾಪಸ್ಸಾಯಿತು.

ಕೆಟ್ಟುಹೋದ ಲೇಸರ್ ಪಾಯಿಂಟರ್

ಈಗ ನನ್ನ ಕ್ಷೇತ್ರಕ್ಕೆ ಬರ್ತೀನಿ. 1995ರ ಸೆಪ್ಟೆಂಬರ್‌ನಲ್ಲಿ ಪಿಯರ್ ಒಮಿಡ್ಯಾರ್ ಎಂಬ ಪ್ರೋಗ್ರಾಮರ್ ಆಕ್ಷನ್‌ವೆಬ್ ಅನ್ನುವ ಪುಟ ಮಾಡಿದ. ಅದೇ ಮುಂದೆ ಇಬೇ ಆಯಿತು. ಅಲ್ಲಿ ಮೊದಲು ಮಾರಾಟವಾದ ವಸ್ತುಗಳಲ್ಲಿ ಒಂದು, ಅವನದೇ ಕೆಟ್ಟುಹೋದ ಲೇಸರ್ ಪಾಯಿಂಟರ್. ಬೆಲೆ 14.83 ಡಾಲರ್! "ಇದು ಕೆಟ್ಟಿದೆ, ಗೊತ್ತಲ್ಲ?" ಅಂತ ಅವನು ಕೇಳಿದಾಗ, ಕೊಂಡವನು ತಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುವವನು ಅಂದನಂತೆ.

ಇದರಲ್ಲಿ ಎಲ್ಲಾ ಇದೆ. ಒಂದು ಊರಿನಲ್ಲಿ ಅಂಥ ಗಿರಾಕಿ ಒಬ್ಬನೂ ಇರಲಿಕ್ಕಿಲ್ಲ. ಇಡೀ ದೇಶವನ್ನು ಒಂದೇ ಅಂಗಡಿ ಮಾಡಿದರೆ ಸಿಗ್ತಾನೆ. ಥ್ರಿಫ್ಟ್ ಅಂಗಡಿಯ ಬೆಲೆ ಆ ಬಡಾವಣೆಯದ್ದು, ಇಬೇ ಬೆಲೆ ದೇಶದ್ದು. ಲಾಭ ಹುಟ್ಟೋದು ಆ ಎರಡರ ನಡುವಿನ ಅಂತರದಲ್ಲಿ. ಆ ಅಂತರವನ್ನು ಕಾಣುವ ಕಣ್ಣು ಬೇಕು ಅಷ್ಟೇ.

2006ರಲ್ಲಿ ನ್ಯಾಶ್‌ವಿಲ್ ಊರಿನ ಥ್ರಿಫ್ಟ್ ಅಂಗಡಿಯಲ್ಲಿ ಒಬ್ಬ 2.48 ಡಾಲರಿಗೆ ಒಂದು ಹಳೇ ಕಾಗದ ಕೊಂಡ. ಅದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯ 1823ರ ಅಧಿಕೃತ ಪ್ರತಿ. ಮುದ್ರಿಸಿದ್ದೇ 200. ಮರುವರ್ಷ ಹರಾಜಿನಲ್ಲಿ 4,77,650 ಡಾಲರ್ ಬಂತು. ಇನ್ನೊಂದು, ಫುಟ್‌ಬಾಲ್ ಕೋಚ್ ವಿನ್ಸ್ ಲೊಂಬಾರ್ಡಿಯ ಹೆಸರಿನ ಪಟ್ಟಿ ಇದ್ದ ಸ್ವೆಟರ್. ಆಶ್‌ವಿಲ್‌ನಲ್ಲಿ ತೂಕದ ಲೆಕ್ಕದಲ್ಲಿ 58 ಸೆಂಟಿಗೆ ಸಿಕ್ಕಿತ್ತು, 2015ರಲ್ಲಿ 43,020 ಡಾಲರಿಗೆ ಹೋಯಿತು. ಕೊಂಡವರಿಗೆ ಅದರ ಮಹತ್ವ ತಿಳಿದದ್ದು ಆಮೇಲೆ, ಒಂದು ಡಾಕ್ಯುಮೆಂಟರಿ ನೋಡುವಾಗ.

ಇಂಥ ಕಥೆಗಳೇ ವೈರಲ್ ಆಗೋದು. ದಿನನಿತ್ಯದ ಲೆಕ್ಕ ಬೇರೆ. ಉದಾಹರಣೆಗೆ 6 ಡಾಲರಿಗೆ ಕೊಂಡ ಜಾಕೆಟ್ 30ಕ್ಕೆ ಹೋಯ್ತು ಅಂತಿಟ್ಟುಕೊಳ್ಳಿ. ಸೈಟಿನ ಕಮಿಷನ್ 4, ಪ್ಯಾಕಿಂಗ್ ಮತ್ತು ಅಂಚೆ 8. ಉಳಿದದ್ದು 12. ಹುಡುಕೋದಕ್ಕೆ ಎರಡು ಗಂಟೆ, ಒಗೆದು ಫೋಟೋ ಹೊಡೆದು ಹಾಕೋದಕ್ಕೆ ಅರ್ಧ ಗಂಟೆ. ಗಂಟೆಗೆ ಐದು ಡಾಲರೂ ಇಲ್ಲ. ಅಮೆರಿಕದ ಕೇಂದ್ರ ಕನಿಷ್ಠ ಕೂಲಿಯೇ ಗಂಟೆಗೆ 7.25. ಮಾರಾಟವಾಗದೆ ಮಂಚದ ಕೆಳಗೆ ಕೂತ ಜಾಕೆಟ್‌ಗಳನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಜೊತೆಗೆ ಆ ಅಂತರವೂ ಕಿರಿದಾಗುತ್ತಾ ಬಂತು. 1999ರಲ್ಲೇ ಕ್ಯಾಲಿಫೋರ್ನಿಯಾದ ಗುಡ್‌ವಿಲ್ ಶಾಖೆಯೊಂದು ಸ್ವಂತ ಹರಾಜು ಸೈಟ್ ತೆರೆಯಿತು. ಬೆಲೆಬಾಳುವ ದಾನ ಕಪಾಟಿಗೆ ಬರೋ ಮೊದಲೇ ಆನ್‌ಲೈನ್‌ಗೆ ಹೋಗೋಕೆ ಶುರುವಾಯಿತು.

ಇನ್ನೊಂದು ಆಕ್ಷೇಪವೂ ಇದೆ: ಬಡವರಿಗೆ ಅಂತ ಇರುವ ಅಗ್ಗದ ಮಾಲನ್ನು ಮರುಮಾರಾಟದವರು ಬಾಚಿಕೊಳ್ತಾರೆ ಅಂತ. ನನಗನ್ನಿಸೋದು, ಸಂಗ್ರಹಕಾರರಿಗೆ ಮಾತ್ರ ಬೇಕಾದ ಲೇಸರ್ ಪಾಯಿಂಟರ್ ಒಯ್ದರೆ ಯಾರಿಗೂ ನಷ್ಟವಿಲ್ಲ. ಚಳಿಗಾಲದ ಹೊಸ್ತಿಲಲ್ಲಿ ಮಕ್ಕಳ ಕೋಟುಗಳನ್ನೆಲ್ಲ ಗುಡಿಸಿಕೊಂಡು ಹೋದರೆ ಅದು ಬೇರೆ ಮಾತು. ಎರಡೂ ಕಾನೂನುಬದ್ಧ, ಎರಡೂ ಒಂದೇ ಅಲ್ಲ.

ಮತ್ತೆ ನಮ್ಮ ಬಾಗಿಲಿಗೆ

ಈಗ ಬೋಹಾರಿಣ್ ಹತ್ತಿರ ಬರೋಣ. ಈ ಕಸುಬಿನಲ್ಲಿ ಹೆಚ್ಚಾಗಿ ಇರೋದು ಗುಜರಾತ್ ಮೂಲದ ವಾಘ್ರಿ ಸಮುದಾಯದವರು. ಅವರೇ ದೇವಿಪೂಜಕ್ ಅಂತಲೂ ಕರೆಸಿಕೊಳ್ಳುತ್ತಾರೆ. ದೆಹಲಿಯವರು ರಘುಬೀರ್ ನಗರದ ಬೆಳಗಿನ ಜಾವದ ಹಳೇ ಬಟ್ಟೆ ಸಂತೆ ನೋಡಿರಬಹುದು. ಅಲ್ಲಿ ಕೂತವರ ಕೆಲಸ ಏನು? ಮೊದಲು ಕೈಯಿಂದ ರೊಕ್ಕ ಹಾಕಿ ಪಾತ್ರೆ ಕೊಳ್ಳೋದು. ಅದನ್ನು ಹೊತ್ತು ಬೀದಿ ಬೀದಿ ತಿರುಗೋದು. ಸೀರೆ ಮುಟ್ಟಿ ನೋಡಿ ಯಾವ ಬಟ್ಟೆ, ಜರಿ ಅಸಲಿಯಾ ಅಂತ ಕ್ಷಣದಲ್ಲಿ ಹೇಳೋದು. ಆಮೇಲೆ ವಿಂಗಡಿಸಿ, ಹೊಲಿದು, ಒಗೆದು ಮಾರೋದು. ಮಾರಾಟ ಆಗದಿದ್ದರೆ ನಷ್ಟವೂ ಆಕೆಯದ್ದೇ. ಆ್ಯಪ್ ಇಲ್ಲದೆ, ಬಾರ್‌ಕೋಡ್ ಇಲ್ಲದೆ ನಡೆಯುವ ಅದೇ ವ್ಯಾಪಾರ.

ನಮ್ಮ ಉತ್ತರ ಕರ್ನಾಟಕದಲ್ಲಿ ಹಳೇ ಸೀರೆಗಳನ್ನು ಪದರ ಪದರ ಇಟ್ಟು ಕೌದಿ ಹೊಲೀತಾರೆ. ನಮ್ಮಜ್ಜಿ ಇದ್ದಿದ್ದರೆ ಆ ಮೂರು ಸೀರೆ ಮನೆ ದಾಟ್ತಿರಲಿಲ್ಲ. ಈಗ ನಮಗೆ ಅಷ್ಟು ಪುರುಸೊತ್ತಿಲ್ಲ, ಎರಡು ಕೋಣೆಯ ಫ್ಲ್ಯಾಟಿನಲ್ಲಿ ಜಾಗವೂ ಇಲ್ಲ. ನಾವು ಮಾಡದ ಕೆಲಸವನ್ನ ಆಕೆ ಮಾಡ್ತಾಳೆ. ಲಾಭ ಆ ಕೆಲಸದ್ದು.

ಆದರೂ ನ್ಯಾಶ್‌ವಿಲ್‌ನವನ ಸುದ್ದಿ ಓದಿದರೆ "ಎಂಥ ಅದೃಷ್ಟ, ಎಂಥ ಕಣ್ಣು" ಅಂತೀವಿ. ಬೋಹಾರಿಣ್‌ಗೆ ಮಾತ್ರ "ಟೋಪಿ ಹಾಕಿದ್ಲು" ಅಂತೀವಿ. ನೂರೈವತ್ತು ವರ್ಷದ ಹಿಂದಿನ ಚಿಂದಿ ವ್ಯಾಪಾರಿಗೂ ಇದೇ ಮಾತು ಬಿದ್ದಿತ್ತು. ಅಂದಹಾಗೆ, ಆ ಸ್ವಾತಂತ್ರ್ಯ ಘೋಷಣೆಯನ್ನು ದಾನ ಕೊಟ್ಟವನ ಮನೆಯಲ್ಲಿ ಅದು ವರ್ಷಗಟ್ಟಲೆ ಗ್ಯಾರೇಜ್ ಗೋಡೆ ಮೇಲೆ ನೇತಾಡುತ್ತಿತ್ತು. ದಿನಾ ಕಣ್ಣಿಗೆ ಬಿದ್ದರೂ ಅವನಿಗೆ ಅದು ಹಳೇ ಕಾಗದವೇ ಆಗಿತ್ತು.

ಇದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿ ಅಂದಳು: "ಹಂಗಾದ್ರ ಮುಂದಿನ ಸಲ ಚೌಕಾಸಿ ಮಾಡಬಾರದೇನು?" ಮಾಡವ್ವ, ಚೌಕಾಸಿ ಅವಳೂ ಮಾಡ್ತಾಳೆ. ಬಾಗಿಲು ಹಾಕಿದ ಮೇಲೆ ಬೈಯೋದು ಮಾತ್ರ ಬಿಡು ಅಂದೆ.

ನಿಮ್ಮ ಊರಿನಲ್ಲಿ ಹಳೇ ಬಟ್ಟೆ, ಪಾತ್ರೆ ವ್ಯಾಪಾರಕ್ಕೆ ಏನಂತಾರೆ, ಕೆಳಗೆ ಬರೆಯಿರಿ. ಮುಂದಿನ ಮಾತಿನಲ್ಲಿ ಸಿಗೋಣ.