ಫ್ಲೈಯಿಂಗ್ ಡಬ್ಲ್ಯೂ ರಾಂಗ್ಲರ್ಸ್

ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ನಗರದ ಅಂಚಿನಲ್ಲಿರುವ ಫ್ಲೈಯಿಂಗ್ ಡಬ್ಲ್ಯೂ ರಾಂಚ್ ಎಂಬ ದನಸಾಕಣೆಯ ಜಮೀನಿನಲ್ಲಿ ಹುಟ್ಟಿ ಬೆಳೆದ ಹಾಡುಗಾರರ ತಂಡ. ಇದರ ಸಂಗೀತ ‘ವೆಸ್ಟರ್ನ್’ ಎಂಬ ಬಗೆಯದು, ಅಂದರೆ ಅಮೆರಿಕದ ಪಶ್ಚಿಮ ಬಯಲುಗಳ ಕೌಬಾಯ್ ಹಾಡು. 1953ರಲ್ಲಿ ರಸ್ ವುಲ್ಫ್ ಮತ್ತು ಅವರ ಪತ್ನಿ ಮೇರಿಯನ್ ಅಲ್ಲಿಗೆ ಕುದುರೆ ಸವಾರಿಗೆಂದು ಬಂದವರಿಗೆ ಬಯಲಲ್ಲೇ ಊಟ ಬಡಿಸತೊಡಗಿದರು. ಊಟದ ಬೆನ್ನಿಗೇ ಹಾಡು ಬಂತು. ಮುಂದೆ ಬೇಸಿಗೆಯ ಒಂದೊಂದು ಸಂಜೆ ಸಾವಿರಕ್ಕೂ ಮಿಕ್ಕಿ ಜನ ಅಲ್ಲಿ ಪಂಕ್ತಿಗೆ ಕೂರುವಂತಾಯಿತು. ಸನ್ಸ್ ಆಫ್ ದಿ ಪಯೊನಿಯರ್ಸ್ ತಂಡವನ್ನು ಬಿಟ್ಟರೆ ಅತ್ಯಂತ ಹಳೆಯ ವೆಸ್ಟರ್ನ್ ತಂಡ ತಮ್ಮದೇ ಎಂದು ರಾಂಚಿನವರು ಹೇಳಿಕೊಳ್ಳುತ್ತಾರೆ. ಇಷ್ಟಾದರೂ ಇಂಥ ತಂಡಗಳನ್ನು ಪ್ರವಾಸಿಗರ ಹೊತ್ತು ಕಳೆಯುವ ಸಾಧನವೆಂದು ಬದಿಗೆ ಸರಿಸುವುದು ರೂಢಿ. ಆ ತೀರ್ಪು ಸರಿಯಲ್ಲ. ಸಿನಿಮಾ ಮತ್ತು ರೆಕಾರ್ಡ್ ಮಾರುಕಟ್ಟೆ ಕೈಬಿಟ್ಟ ಒಂದು ಗಾಯನ ಪದ್ಧತಿ ಉಳಿದು ಬಂದದ್ದೇ ಈ ಊಟದ ಪಂಕ್ತಿಗಳ ಆಸರೆಯಲ್ಲಿ.

ರಾಂಚಿಗೆ ಹಣ ತೆತ್ತು ಬರುವ ಅತಿಥಿ ಈಚಿನ ಪ್ರವಾಸೋದ್ಯಮದ ಸೃಷ್ಟಿ ಅಲ್ಲವೇ ಅಲ್ಲ. ಇಂದಿನ ನಾರ್ತ್ ಡಕೋಟಾದ ಮೆಡೋರ ಬಳಿ ಈಟನ್ ಸಹೋದರರು 1880ರ ದಶಕದಲ್ಲೇ ಪೂರ್ವದ ಪಟ್ಟಣಗಳಿಂದ ಬಂದವರನ್ನು ಹಣ ಪಡೆದು ಇರಿಸಿಕೊಳ್ಳುತ್ತಿದ್ದರು. 1886–87ರ ಭೀಕರ ಚಳಿಗಾಲದಲ್ಲಿ ಉತ್ತರದ ಬಯಲುಗಳ ಲಕ್ಷಾಂತರ ದನಗಳು ಸತ್ತ ಮೇಲೆ, ದನಗಳನ್ನಷ್ಟೇ ನಂಬಿ ಬದುಕುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ತಿಳಿಯಿತು. ಈಟನ್‌ರು 1904ರಲ್ಲಿ ವಯೋಮಿಂಗ್‌ಗೆ ಹೋಗಿ ನೆಲೆಸಿದರು. 1926ರಲ್ಲಿ, ಪ್ರಯಾಣಿಕರು ಬೇಕಾಗಿದ್ದ ರೈಲ್ವೆ ಕಂಪನಿಗಳ ಒತ್ತಾಸೆಯಿಂದ, ಹೀಗೆ ಹಣ ಪಡೆದು ಅತಿಥಿಗಳನ್ನು ಇರಿಸಿಕೊಳ್ಳುವ ‘ಡ್ಯೂಡ್ ರಾಂಚ್’ ನಡೆಸುವವರ ಸಂಘವೇ ಹುಟ್ಟಿತು. ಫ್ಲೈಯಿಂಗ್ ಡಬ್ಲ್ಯೂ ಈ ಪರಂಪರೆಯ ಸಂಜೆಯ ರೂಪ. ವಾರಗಟ್ಟಲೆ ತಂಗುವ ಬದಲು ಅತಿಥಿ ಒಂದು ಊಟಕ್ಕೂ ಒಂದು ಗಾಯನಕ್ಕೂ ಬಂದು ಹೋಗುತ್ತಾನೆ.

‘ನಿಜವಾದ ಕೌಬಾಯ್ ಹಾಡಿಗೂ ಇದಕ್ಕೂ ಏನು ಸಂಬಂಧ?’ ಎಂಬುದು ಮೊದಲ ಆಕ್ಷೇಪ. ಜಾನ್ ಲೋಮ್ಯಾಕ್ಸ್ 1910ರಲ್ಲಿ ಪ್ರಕಟಿಸಿದ ಸಂಗ್ರಹದ ಹಾಡುಗಳು, 1925ರಲ್ಲಿ ಟೆಕ್ಸಸ್‌ನ ಕಾರ್ಲ್ ಸ್ಪ್ರೇಗ್ ವಿಕ್ಟರ್ ಕಂಪನಿಗೆ ಹಾಡಿದ ಹಾಡು, ಇವೆಲ್ಲ ಒಂಟಿ ಕಂಠದವು, ಕಥೆ ಹೇಳುವಂಥವು. ರಾಂಗ್ಲರ್ಸ್ ಹಾಡುವುದು ಮೂರು ನಾಲ್ಕು ಕಂಠಗಳು ಬೇರೆ ಬೇರೆ ಸ್ವರಗಳಲ್ಲಿ ಹೆಣೆದುಕೊಳ್ಳುವ ಹಾರ್ಮನಿಯಲ್ಲಿ. ಈ ವ್ಯತ್ಯಾಸ ನಿಜ, ಆದರೆ ಅದನ್ನು ತಂದದ್ದು ರಾಂಚಿನ ಅತಿಥಿಗಳಲ್ಲ. ಲಾಸ್ ಏಂಜಲೀಸ್‌ನ ರೇಡಿಯೋದಲ್ಲಿ ಈ ಶೈಲಿಗೆ ಅಚ್ಚು ಹಾಕಿದ್ದು ಸನ್ಸ್ ಆಫ್ ದಿ ಪಯೊನಿಯರ್ಸ್. ಅದರ ಬಾಬ್ ನೋಲನ್ ಹುಟ್ಟಿದ್ದು ಕೆನಡಾದಲ್ಲಿ. ಮುಂದೆ ರಾಯ್ ರೋಜರ್ಸ್ ಎಂದು ಹೆಸರಾದ ಲೆನರ್ಡ್ ಸ್ಲೈ ಒಹಾಯೊದವರು. ನೋಲನ್ ರಚಿಸಿದ ‘ಟಂಬ್ಲಿಂಗ್ ಟಂಬಲ್‌ವೀಡ್ಸ್’ ಹಾಡನ್ನು ತಂಡ 1934ರಲ್ಲಿ ಡೆಕ್ಕಾ ಕಂಪನಿಗೆ ಧ್ವನಿಮುದ್ರಿಸಿತು. ‘ಕೂಲ್ ವಾಟರ್’ ಹಾಡಿನ ಹೆಸರಾಂತ ಮುದ್ರಣ ಬಂದದ್ದು 1941ರಲ್ಲಿ. ಮೂಲವೇ ಸ್ಟುಡಿಯೋದ್ದಾಗಿರುವಾಗ, ಅದೇ ಶೈಲಿಯನ್ನು ರಾಂಚಿನಲ್ಲಿ ಹಾಡಿದವರನ್ನು ಕೃತಕರೆಂದು ಜರೆಯುವುದು ನ್ಯಾಯವಲ್ಲ.

ಕಾಲಾನುಕ್ರಮ ನೋಡಿದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಡುವ ಕೌಬಾಯ್‌ಗಳಲ್ಲಿ ಹೆಸರಾಂತ ಜೀನ್ ಆಟ್ರಿ ನಾಯಕನಾಗಿದ್ದ ಕೊನೆಯ ಚಿತ್ರ ತೆರೆ ಕಂಡದ್ದು 1953ರಲ್ಲಿ. ವುಲ್ಫ್ ದಂಪತಿ ಬಯಲೂಟ ಶುರು ಮಾಡಿದ್ದೂ ಅದೇ ವರ್ಷ. 1962ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ತನ್ನ ‘ಕಂಟ್ರಿ ಅಂಡ್ ವೆಸ್ಟರ್ನ್’ ಪಟ್ಟಿಯ ಹೆಸರಿನಿಂದ ವೆಸ್ಟರ್ನ್ ಎಂಬುದನ್ನೇ ಕೈಬಿಟ್ಟಿತು. ಮಾರುಕಟ್ಟೆ ಹೀಗೆ ಬಾಗಿಲು ಮುಚ್ಚುತ್ತಿದ್ದಾಗ ಹಾಡುಗಾರರಿಗೆ ಋತುವಿಡೀ ಕೆಲಸ, ಸಂಬಳ, ದಿನವೂ ಹೊಸ ಕೇಳುಗರು ಸಿಕ್ಕಿದ್ದು ರಾಂಚುಗಳಲ್ಲಿ. ಶೈಲಿಯೊಂದು ಬದುಕಲು ಬೇಕಾದದ್ದು ಇಂಥ ನಿತ್ಯದ ದುಡಿಮೆಯೇ. ಇಲ್ಲಿ ಪಳಗಿದವರು ಬೇರೆಡೆಯೂ ಬೇರು ಬಿಟ್ಟರು. ಸೈ ಸ್ಕಾರ್ಬರೊ 1969ರಲ್ಲಿ ಕೊಲೊರಾಡೊ ರಾಜ್ಯದ್ದೇ ಆದ ಡುರಾಂಗೊ ಬಳಿ ಬಾರ್ ಡಿ ಎಂಬ ಊಟದ ರಾಂಚನ್ನು ಆರಂಭಿಸಿ, ಬಾರ್ ಡಿ ರಾಂಗ್ಲರ್ಸ್ ತಂಡ ಕಟ್ಟಿದರು. ಬೇಬ್ ಹಂಫ್ರಿ ವಯೋಮಿಂಗ್‌ನಲ್ಲಿ ಬಾರ್ ಜೆ ರಾಂಗ್ಲರ್ಸ್ ಕಟ್ಟಿದರು.

ತಂಡದ ಧ್ವನಿಮುದ್ರಣಗಳನ್ನು ಈ ಹಿನ್ನೆಲೆಯಲ್ಲೇ ಕೇಳಬೇಕು. ಎಲ್‌ಪಿ, ಕ್ಯಾಸೆಟ್, ಸಿಡಿಗಳಾಗಿ ಬಂದ ಇವು ಮುಖ್ಯವಾಗಿ ಮಾರಾಟವಾದದ್ದು ರಾಂಚಿನ ಅಂಗಡಿಯಲ್ಲೇ, ಹಾಡು ಕೇಳಿ ಎದ್ದವರ ಕೈಗೆ. ಗಿಟಾರ್, ಪಿಟೀಲು, ನಿಲುವು ಬಾಸ್‌ಗಳ ನಡುವೆ ಹಾರ್ಮನಿ; ಜೊತೆಗೆ ಯೋಡಲಿಂಗ್ (ಕಂಠವನ್ನು ತಗ್ಗಿನಿಂದ ಏರುಸ್ವರಕ್ಕೆ ಥಟ್ಟನೆ ಜಿಗಿಸುವ ಗಾಯನ), ಕ್ರೈಸ್ತ ಭಕ್ತಿಗೀತೆ, ಹಾಸ್ಯ. ಇವುಗಳಲ್ಲಿ ಹೊಸತೇನಿಲ್ಲ, ಹಳೆಯ ಹಾಡುಗಳನ್ನೇ ಮತ್ತೆ ಮತ್ತೆ ಮುದ್ರಿಸಿದ್ದಾರೆ ಎಂದು ದೂರುವವರಿದ್ದಾರೆ. ದೂರಿನಲ್ಲಿ ಹುರುಳಿದೆ, ಆದರೆ ಈ ಮರುಮುದ್ರಣವೇ ಇತಿಹಾಸಕಾರನಿಗೆ ದೊರೆತ ಲಾಭ. ಗಾಯಕರು ಬದಲಾದಂತೆ ಒಂದೇ ಶೈಲಿ ಕಂಠದಿಂದ ಕಂಠಕ್ಕೆ ಹೇಗೆ ದಾಟಿತು, ಯಾವ ಹಾಡನ್ನು ಜನ ಬಿಡಲೊಲ್ಲರು ಎಂಬುದಕ್ಕೆ ಇಂಥ ಸಾಲು ಸಾಲು ಸಾಕ್ಷ್ಯ ರೆಕಾರ್ಡ್ ಕಂಪನಿಗಳ ಕಡತಗಳಲ್ಲಿ ಸಿಗುವುದಿಲ್ಲ.

ಇನ್ನೊಂದು ಆಕ್ಷೇಪವನ್ನು ಒಪ್ಪಲೇಬೇಕು. ಹಗ್ಗದ ಕುಣಿಕೆ, ಜೀನು, ದನ ಹೊಡೆಯುವ ವಿದ್ಯೆ ಎಲ್ಲವೂ ಕೌಬಾಯ್‌ಗೆ ಬಂದದ್ದು ಮೆಕ್ಸಿಕೋದ ವಕೇರೊಗಳಿಂದ, ಅಂದರೆ ಅಲ್ಲಿನ ದನಗಾಹಿ ಸವಾರರಿಂದ. ಟೆಕ್ಸಸ್‌ನಿಂದ ಉತ್ತರಕ್ಕೆ ದನ ಅಟ್ಟಿದವರಲ್ಲಿ ಕಪ್ಪು ಜನರೂ ಬಹಳ ಮಂದಿ ಇದ್ದರು. ಈ ಬಗೆಯ ಹಾಡುಗಳಲ್ಲಿ ಅವರ ಸುಳಿವು ತೀರ ಕಡಿಮೆ. ಆ ಅಳಿಸುವಿಕೆಯನ್ನು ಹಾಲಿವುಡ್‌ನಿಂದ ಪಡೆದ ರಾಂಚಿನ ತಂಡಗಳು ಅದನ್ನು ತಿದ್ದಲಿಲ್ಲ. ಇವರ ಮುದ್ರಣಗಳು ಒಂದು ಹಾಡುಗಾರಿಕೆಯ ನಂಬಲರ್ಹ ದಾಖಲೆಗಳು. ಹತ್ತೊಂಬತ್ತನೆಯ ಶತಮಾನದ ಪಶ್ಚಿಮದ ಚಿತ್ರ ಬೇಕಾದವರು ಬೇರೆ ಆಕರಗಳಿಗೆ ಹೋಗಬೇಕು.

2012ರ ಜೂನ್ 26ರಂದು ವಾಲ್ಡೊ ಕ್ಯಾನ್ಯನ್ ಕಾಡ್ಗಿಚ್ಚು ನಗರಕ್ಕೆ ನುಗ್ಗಿತು. ಇಬ್ಬರು ಸತ್ತರು, ಮುನ್ನೂರಕ್ಕೂ ಹೆಚ್ಚು ಮನೆಗಳ ಜೊತೆಗೆ ರಾಂಚಿನ ಕಟ್ಟಡಗಳೂ ಸುಟ್ಟುಹೋದವು. 2020ರಲ್ಲಿ ರಾಂಚ್ ಮತ್ತೆ ತೆರೆಯಿತು. ಅಂಗಡಿಯಲ್ಲಿ ಕೊಂಡ ಡಿಸ್ಕು, ಕ್ಯಾಸೆಟ್ಟುಗಳು ಅತಿಥಿಗಳೊಂದಿಗೆ ದೂರದೂರದ ಊರು ಸೇರಿದ್ದವು, ಹಾಗಾಗಿ ಬೆಂಕಿಗೆ ಸಿಗಲಿಲ್ಲ. ಮನೆಮನೆಗಳಲ್ಲಿ ಚದುರಿರುವ ಆ ಪ್ರತಿಗಳನ್ನು, ಒಡೆಯರು ವಯಸ್ಸಾಗಿ ತೀರಿಕೊಳ್ಳುವ ಮುನ್ನ, ಸಂಗೀತ ಸಂಗ್ರಹಾಲಯಗಳು ಕಲೆಹಾಕಬೇಕಾಗಿದೆ.