ಬೋಲ್ಗಾಟ್ಟಿಗೆ ಹೋಗುವ ದಾರಿಯಲ್ಲಿ ಏಲೂರ್

ವಿಡಿಯೋದಲ್ಲಿ ಗಾಳಿ ಸದ್ದಿಗೆ ನನ್ನ ಅರ್ಧ ಮಾತು ಹಾರಿಹೋಗಿದೆ. ಹಾಗಾಗಿ ಅವತ್ತು ಹೇಳಿದ್ದನ್ನ, ಹೇಳೋಕೆ ಬಿಟ್ಟಿದ್ದನ್ನ ಎರಡನ್ನೂ ಇಲ್ಲಿ ಬರೀತಿದ್ದೀನಿ.

ನಾವು ನಾಲ್ಕು ಜನ. ಎಲ್ಲರೂ ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿ ಕೆಲಸ ಮಾಡೋ ಕನ್ನಡದವರೇ. ಶನಿವಾರ ಬೆಳಗಿನ ಜಾವ ಹೊರಟು, ಆಲಪ್ಪುಳ ದಾಟಿ, ರಾತ್ರಿಗೆ ಕೊಚ್ಚಿಯ ಬೋಲ್ಗಾಟ್ಟಿ ಅರಮನೆಯಲ್ಲಿ ಉಳಿಯೋದು ಅಂತ ಪ್ಲಾನ್. 1744ರಲ್ಲಿ ಡಚ್ಚರು ಕಟ್ಟಿದ ಕಟ್ಟಡ ಅದು, ಈಗ ಕೇರಳ ಪ್ರವಾಸೋದ್ಯಮ ನಿಗಮದ ಹೋಟೆಲ್. ನಾನು ಮಧ್ಯೆ ಏಲೂರ್ ಸೇರಿಸಿದೆ. "ಕಾರ್ಖಾನೆ ನೋಡೋಕೆ ಯಾರಾದ್ರೂ ಟ್ರಿಪ್ ಹೋಗ್ತಾರಾ?" ಅಂತ ಹಾಸನದವನು ಗೊಣಗಿದ. ಪುತ್ತೂರಿನವನು ಮಾತ್ರ, "ಹೋಗುವ ಮಾರಾಯ, ದಾರಿಯಲ್ಲೇ ಉಂಟಲ್ಲ" ಅಂದ.

ನಿಜವಾಗ್ಲೂ ದಾರಿಯಲ್ಲೇ ಇದೆ. ಕಳಮಶ್ಶೇರಿಯಿಂದ ವಲ್ಲಾರ್‌ಪಾಡಂ ಬಂದರಿಗೆ ಹೋಗೋ ಕಂಟೇನರ್ ರೋಡ್ ಏಲೂರನ್ನ ಮುಟ್ಟಿಕೊಂಡೇ ಬೋಲ್ಗಾಟ್ಟಿ ಕಡೆಗೆ ಸಾಗುತ್ತೆ. ಪೆರಿಯಾರ್ ನದಿಯ ಕವಲುಗಳ ನಡುವಿನ ದ್ವೀಪ ಈ ಏಲೂರ್. ಕಾರಿನ ಗಾಜು ಇಳಿಸಿದ್ರೆ ಸಾಕು, ಬಂದ್ವಿ ಅಂತ ಮೂಗಿಗೇ ಗೊತ್ತಾಗುತ್ತೆ.

ಇಲ್ಲಿ ಕಾರ್ಖಾನೆ ಯಾಕೆ ಬಂತು? ಅದಕ್ಕೆ ಎರಡನೇ ಮಹಾಯುದ್ಧಕ್ಕೆ ಹೋಗಬೇಕು. ಆಗ ತಿರುವಾಂಕೂರಿಗೆ ಅಕ್ಕಿ ಬರ್ತಿದ್ದಿದ್ದು ಬರ್ಮಾದಿಂದ. 1942ರಲ್ಲಿ ಬರ್ಮಾ ಜಪಾನ್ ಕೈಗೆ ಹೋಯ್ತು, ಇಲ್ಲಿ ಅಕ್ಕಿಗೆ ಹಾಹಾಕಾರ. ಇರೋ ನೆಲದಲ್ಲೇ ಹೆಚ್ಚು ಬೆಳೀಬೇಕು, ಅದಕ್ಕೆ ಗೊಬ್ಬರ ಬೇಕು ಅಂತ ದಿವಾನ್ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಒತ್ತಾಸೆ ಕೊಟ್ಟು, ಶೇಷಸಾಯಿ ಸಹೋದರರು 1943ರಲ್ಲಿ ಫ್ಯಾಕ್ಟ್ ಕಂಪನಿ ಶುರು ಮಾಡಿದ್ರು. 1947ರಲ್ಲಿ ಉತ್ಪಾದನೆ ಆರಂಭ ಆಯ್ತು. ದೇಶದ ಮೊದಲ ದೊಡ್ಡ ರಸಗೊಬ್ಬರ ಕಾರ್ಖಾನೆ. ಮೊದಮೊದಲು ಅಮೋನಿಯಾ ಮಾಡೋಕೆ ಬೇಕಾದ ಅನಿಲವನ್ನ ಸೌದೆಯಿಂದ ತೆಗೀತಿದ್ರು ಅಂದ್ರೆ ನಂಬ್ತೀರಾ? ಕಾಡಿನ ಸೌದೆ, ಪೆರಿಯಾರ್ ನೀರು, ಪಳ್ಳಿವಾಸಲ್ ಜಲವಿದ್ಯುತ್, ಪಕ್ಕದಲ್ಲೇ ಕೊಚ್ಚಿ ಬಂದರು. ಹಸಿದ ಜನಕ್ಕೆ ಅನ್ನ ಕೊಡೋಕೆ ಹುಟ್ಟಿದ ಜಾಗ ಇದು. ಇದನ್ನ ಮರೀಬಾರದು, ಯಾಕಂದ್ರೆ ಮುಂದಿನ ಕಥೆ ಬೇರೆ ಥರ ಇದೆ.

ಫ್ಯಾಕ್ಟ್ ಹಿಂದೆಯೇ ಬೇರೆಯವು ಬಂದವು. 1952ರಲ್ಲಿ ಕರಾವಳಿಯ ಮೊನಜೈಟ್ ಮರಳಿನ ಕಾರ್ಖಾನೆ, 1958ರಲ್ಲಿ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್‌ನ ಡಿಡಿಟಿ ಘಟಕ. ಮಲೇರಿಯಾ ಓಡಿಸೋಕೆ ಡಿಡಿಟಿ ಬೇಕಿತ್ತು, ಸರಿ. ಆಮೇಲೆ ಅದೇ ಆವರಣದಲ್ಲಿ ಎಂಡೋಸಲ್ಫಾನ್ ತಯಾರಿ ಶುರುವಾಯ್ತು.

ಆ ಹೆಸರು ಹೇಳ್ತಿದ್ದ ಹಾಗೆ ಹಿಂದಿನ ಸೀಟಿನಲ್ಲಿದ್ದ ಪುತ್ತೂರಿನವನು ಫೋನ್ ಕೆಳಗಿಟ್ಟ. ಅವನ ಅತ್ತೆ ಮನೆ ಕಾಸರಗೋಡಿನ ಎಣ್ಮಕಜೆ ಕಡೆ. "ಅದು ಇಲ್ಲಿಯದ್ದಾ?" ಅಂತ ಕೇಳಿದ, ಅಷ್ಟೇ.

ದೇಶದಲ್ಲಿ ಎಂಡೋಸಲ್ಫಾನ್ ಮಾಡ್ತಿದ್ದ ಕೆಲವೇ ಕಂಪನಿಗಳಲ್ಲಿ ಇದೂ ಒಂದು. ಗೇರು ತೋಟಕ್ಕೆ ಸುರಿದಿದ್ದೆಲ್ಲ ಇಲ್ಲಿಯದೇ ಅಂತ ನಾನು ಹೇಳ್ತಿಲ್ಲ. ಆದರೆ ಗೇರಿನ ಟೀ ಸೊಳ್ಳೆ ಕೊಲ್ಲೋಕೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ಸುಮಾರು 4,600 ಹೆಕ್ಟೇರ್ ಮೇಲೆ ಹೆಲಿಕಾಪ್ಟರ್‌ನಿಂದ ಈ ವಿಷ ಸುರಿಸಿತು. 1970ರ ದಶಕದ ಕೊನೆಯಿಂದ 2000ದವರೆಗೆ. ಆ ಊರುಗಳ ಭೂಗೋಳ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ: ಗುಡ್ಡದ ಮೇಲೆ ಗೇರು, ಕೆಳಗೆ ಮನೆ, ಅಡಿಕೆ ತೋಟ. ಕುಡಿಯೋ ನೀರು ಗುಡ್ಡದೊಳಗೆ ಕೊರೆದ ಸುರಂಗದಿಂದ, ತೋಡಿನಿಂದ. ಮೇಲೆ ಬಿದ್ದಿದ್ದು ಕೆಳಗೆ ಬರಲೇಬೇಕು.

ಇದನ್ನ ಮೊದಲು ಗಮನಿಸಿದವರು ನಮ್ಮ ಭಾಷೆಯವರೇ. ಅಂಗವೈಕಲ್ಯದ ಕರುಗಳು ಹುಟ್ಟಿದ್ದನ್ನ ಪತ್ರಕರ್ತ ಶ್ರೀ ಪಡ್ರೆ 1979ರಷ್ಟು ಹಿಂದೆಯೇ ಬರೆದಿದ್ರು. ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್, ಒಂದು ಸಣ್ಣ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್ ಯಾಕೆ ಅಂತ ಕೇಳ್ತಾ ಹೋದ್ರು. ಪೆರಿಯದಲ್ಲಿ ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದ್ರು. ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಅಂದಿದ್ದು 2017ರ ಜನವರಿಯಲ್ಲಿ. ಐದು ವರ್ಷ ಆದ್ಮೇಲೆ, 2022ರಲ್ಲಿ ಅದೇ ಕೋರ್ಟ್ ಲೆಕ್ಕ ನೋಡಿದಾಗ, 3,704 ಜನರಲ್ಲಿ ದುಡ್ಡು ಸಿಕ್ಕಿದ್ದು 8 ಜನಕ್ಕೆ. ಟೈಪಿಂಗ್ ತಪ್ಪಲ್ಲ, ಎಂಟೇ ಜನಕ್ಕೆ.

ಏಲೂರಿನವರೂ ಸುಖವಾಗಿಲ್ಲ. ಪಾತಾಳಂ ಸೇತುವೆ ಮೇಲೆ ನಿಂತು ನೀರು ನೋಡಿದ್ವಿ. 2024ರ ಮೇ ತಿಂಗಳಲ್ಲಿ ಈ ಭಾಗದಲ್ಲೇ ಮೀನುಗಳು ರಾಶಿರಾಶಿ ಸತ್ತು ತೇಲಿದ್ವು, ಪಂಜರ ಹಾಕಿ ಮೀನು ಸಾಕಿದವರು ಸಾಲದಲ್ಲಿ ಮುಳುಗಿದ್ರು. ಅನ್ನ ಕೊಟ್ಟಿದ್ದೂ ಇದೇ ಕಾರ್ಖಾನೆಗಳ ಸಾಲು, ಸಂಬಳ ಕೊಟ್ಟಿದ್ದೂ ಇದೇ. ಅದಕ್ಕೇ ಇಲ್ಲಿ ಯಾರೂ ಸುಲಭವಾಗಿ ಮುಚ್ಚಿ ಅನ್ನಲ್ಲ.

ಸಂಜೆ ಬೋಲ್ಗಾಟ್ಟಿ ತಲುಪಿದ್ವಿ. 2004ರಲ್ಲಿ ಗೋಶ್ರೀ ಸೇತುವೆ ಆಗೋವರೆಗೂ ಎರ್ನಾಕುಲಂನಿಂದ ಇಲ್ಲಿಗೆ ದೋಣಿಯಲ್ಲೇ ಬರಬೇಕಿತ್ತು. ದಪ್ಪ ಗೋಡೆ, ಅಗಲ ಜಗಲಿ, ಎದುರಿಗೆ ಹಿನ್ನೀರು. ಕೊಳಚ್ಚಲ್‌ನಲ್ಲಿ ಮಾರ್ತಾಂಡವರ್ಮನ ಕೈಲಿ ಸೋತ ಮೂರೇ ವರ್ಷಕ್ಕೆ ಡಚ್ಚರು ಇದನ್ನ ಕಟ್ಟಿದ್ರು ಅನ್ನೋದು ನಂಗೆ ಸೋಜಿಗ. ಆಮೇಲೆ ಬ್ರಿಟಿಷ್ ರೆಸಿಡೆಂಟ್‌ಗಳು ಇಲ್ಲಿ ವಾಸ ಮಾಡಿದ್ರು. ಹೆಸರಿಗೆ ರಾಜನ ಆಸ್ಥಾನದಲ್ಲಿರೋ ಪ್ರತಿನಿಧಿ, ನಿಜಕ್ಕೆ ರಾಜನ ಮೇಲಿನ ಯಜಮಾನ. ಕರ್ನಲ್ ಮನ್ರೋ ಅನ್ನೋ ರೆಸಿಡೆಂಟ್ ತಿರುವಾಂಕೂರು, ಕೊಚ್ಚಿ ಎರಡಕ್ಕೂ ತಾನೇ ದಿವಾನ ಆಗಿಬಿಟ್ಟಿದ್ದ. ತೀರ್ಮಾನ ಮಾಡೋರು ಒಂದು ಕಡೆ, ಅದನ್ನ ಅನುಭವಿಸೋರು ಇನ್ನೊಂದು ಕಡೆ. ಈ ಜಗಲಿಗೆ ಅದು ಹಳೇ ವಿಷಯ.

ಊಟಕ್ಕೆ ಕರಿಮೀನ್ ಹೇಳೋಣ ಅಂತ ಹಾಸನದವನೇ ಅಂದಿದ್ದು. ಮೀನು ಬಂದ್ಮೇಲೆ, ಇದು ಎಲ್ಲಿಯದ್ದು ಅಂತ ಕೇಳಿದವನೂ ಅವನೇ. ಪುತ್ತೂರಿನವನು ಹೊರಗೆ ಜಗಲಿಯಲ್ಲಿ ಅತ್ತೆ ಜೊತೆ ಫೋನಿನಲ್ಲಿದ್ದ. "ಏಲೂರ್ ಅತ್ತೆ, ಕೊಚ್ಚಿ ಹತ್ರ... ಹೌದು, ಅದೇ ಮದ್ದು... ನಾವು ಈಗ ಅಲ್ಲಿಂದಲೇ ಬಂದದ್ದು." ಅವನು ಒಳಗೆ ಬರೋ ಹೊತ್ತಿಗೆ ಊಟ ಆರಿಹೋಗಿತ್ತು.

ಮುಂದಿನ ಸಂಚಿಕೆ ಪಡ್ರೆಯಿಂದ. ಅವರ ಅತ್ತೆ ಬನ್ನಿ ಅಂದಿದ್ದಾರೆ.